ಜನರೇಟರ್ ದೊಡ್ಡಮ್ಮ ಮತ್ತು ಬಿಟ್ಟುಹೋದ ‘ಹ’

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕ್ಷಮಿಸಿ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಚಂದದ ಮಾತುಗಳೂ ಹೆಚ್ಚು ಬರುವುದಿಲ್ಲ. ನಮ್ಮ ಬೀದಿಯ ಕೈಬರಹದ ಪತ್ರಿಕೆಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಬಗ್ಗೆ ಬರೆದುಕೊಡು ಎಂದು ಗ್ರಂಥಾಲಯದ ಮೇಡಂ ಹೇಳಿದ್ದಾರೆ. ನನಗೆ ಚೆನ್ನಾಗಿ ಗೊತ್ತಿರುವುದು ದೊಡ್ಡಮ್ಮ ಒಬ್ಬಳೇ. ಪ್ರತಿ ಸಾಲನ್ನೂ ಮೊದಲು ಪೆನ್ಸಿಲಿನಲ್ಲಿ ಬರೆದು, ಆಮೇಲೆ ಪೆನ್ನಿನಲ್ಲಿ ತಿದ್ದಿದ್ದೇನೆ.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಆದರೆ ಬೀದಿಗೆಲ್ಲ ಅವಳು ಜನರೇಟರ್ ದೊಡ್ಡಮ್ಮ. ಅವಳಿಗಿಂತ ಹತ್ತು ವರ್ಷ ಹಿರಿಯರಾದ ಬೇಕರಿಯ ಅಜ್ಜನಿಗೂ ದೊಡ್ಡಮ್ಮನೇ. ಕರೆಂಟ್ ಹೋದಾಗ ಅಂಗಡಿಗಳಿಗೆ ಸಣ್ಣ ಜನರೇಟರ್ ಬಾಡಿಗೆಗೆ ಕೊಡುವುದು ಅವಳ ಕೆಲಸ. ಅಂಥವು ಎರಡಿವೆ. ಕೆಂಪು ಬಣ್ಣದ್ದು ಗುಡುಗಪ್ಪ. ನೀಲಿಯದು ಎಷ್ಟು ಎಬ್ಬಿಸಿದರೂ ಬೇಗ ಏಳುವುದಿಲ್ಲವಾದ್ದರಿಂದ ಅಳಿಯದೇವರು. ಹೆಸರಿಟ್ಟವಳು ದೊಡ್ಡಮ್ಮ. ಅವಳ ಅಳಿಯ ಕೇಳಿಸಿದರೂ ಕೇಳಿಸದವನಂತೆ ಪೇಪರ್ ಓದುತ್ತಿರುತ್ತಾನೆ.

ಮೆಷೀನಿನ ವಿಷಯದಲ್ಲಿ ಅವಳು ಮಹಾ ಕಟ್ಟುನಿಟ್ಟು. ತಾನೇ ಗಾಡಿಯ ಜೊತೆ ಹೋಗಿ, ಬಯಲಲ್ಲಿ ಸಮನಾದ ಒಣ ನೆಲ ಹುಡುಕಿ ಇಳಿಸುತ್ತಾಳೆ. ಹೊಗೆ ಬರುವ ಕೊಳವೆ ಯಾರ ಕಿಟಕಿಗೂ ಮುಖ ಮಾಡದಂತೆ ತಿರುಗಿಸುತ್ತಾಳೆ. ಜನರೇಟರಿನ ವೈರನ್ನು ಯಾರಾದರೂ ಗೋಡೆಯ ಸ್ವಿಚ್‌ಬೋರ್ಡಿಗೆ ಚುಚ್ಚಲು ಹೋದರೆ ಕೈಗೇ ಹೊಡೆಯುತ್ತಾಳೆ. ಆ ಕರೆಂಟು ಬೀದಿಯ ತಂತಿಗೆ ಹರಿದರೆ ಕಂಬದ ಮೇಲಿರುವ ಲೈನ್‌ಮನ್ ಉಳಿಯುವುದಿಲ್ಲವಂತೆ. ಪೆಟ್ರೋಲ್ ಹಾಕುವ ಮುಂಚೆ ಆರಿಸಿ, ಮೆಷೀನ್ ತಣ್ಣಗಾಗುವವರೆಗೆ ಪಕ್ಕದಲ್ಲೇ ಕೂತಿರುತ್ತಾಳೆ. ಒಮ್ಮೆ ಕ್ಷೌರದಂಗಡಿಯವರು, ಗಿರಾಕಿಯ ಗಡ್ಡ ಅರ್ಧಕ್ಕೇ ನಿಂತಿದೆ, ಬೇಗ ಹಾಕಿ ಎಂದು ಗೋಗರೆದಿದ್ದರು. ಇವಳು ಅಲುಗಲಿಲ್ಲ. “ಅರ್ಧ ಗಡ್ಡದಿಂದ ಯಾರೂ ಸತ್ತಿಲ್ಲ ಕಣಪ್ಪ” ಎಂದಳು.

ಇಷ್ಟೆಲ್ಲ ಕಟ್ಟುನಿಟ್ಟಾದವಳ ಬಾಯಲ್ಲಿ ‘ಹ’ ಮಾತ್ರ ನಿಲ್ಲುವುದಿಲ್ಲ. ಮೆಷೀನ್ ಚಾಲೂ ಮಾಡಲು ಎಳೆಯುವ ಹಗ್ಗ ಅಗ್ಗವಾಗುತ್ತದೆ, ಹೊಗೆ ಒಗೆಯಾಗುತ್ತದೆ. ಹುಟ್ಟಿದಾಗಿನಿಂದ ಕೇಳಿರುವುದರಿಂದ ಅದು ನನ್ನ ಗಮನಕ್ಕೇ ಬರುವುದಿಲ್ಲ.

ಹೋದ ವಾರ ಅವಳ ಕಾಲು ಮೆಟ್ಟಿಲಲ್ಲಿ ಉಳುಕಿತು. ಮರುದಿನ ಬೆಳಿಗ್ಗೆಯೇ ಟ್ರಾನ್ಸ್‌ಫಾರ್ಮರ್ ಸುಟ್ಟು ಇಡೀ ಬೀದಿಗೆ ಕರೆಂಟಿಲ್ಲ. ಟೈಲರ್ ಮಾವ ಶಾಲೆಯ ಸಮವಸ್ತ್ರಗಳನ್ನು ಸಂಜೆಯೊಳಗೆ ಮುಗಿಸಬೇಕಿತ್ತು; ಒಳಗೆ ಐದು ಜನ ಹೆಂಗಸರು ಹೊಲಿಗೆ ಯಂತ್ರಗಳ ಮುಂದೆ ಕೈಕಟ್ಟಿ ಕೂತಿದ್ದರು. ಗುಡುಗಪ್ಪನನ್ನು ಒಯ್ಯಲು ಆಟೋ ಕಳಿಸಿದರು. ದೊಡ್ಡಮ್ಮ ಕಾಲು ದಿಂಬಿನ ಮೇಲಿಟ್ಟುಕೊಂಡು, ಏಳ್ತೀನಿ ಬರ್ಕೋ, ಎಂದಳು. ನಾನು ಒಂದು ಮಾತೂ ಬಿಡದೆ ಚೀಟಿಯಲ್ಲಿ ಬರೆದೆ. ಮೊದಲ ಸಾಲು: “ಒರಗಿಡಿ. ಬಾಗಿಲಿಂದ ಇಪ್ಪತ್ತಡಿ ದೂರ.” ಎರಡು ಸಲ ಓದಿಯೂ ನೋಡಿದೆ. ತಲೆಯೊಳಗೆ ಅವಳ ದನಿಯಲ್ಲೇ ಓದಿಕೊಂಡದ್ದರಿಂದ ‘ಹೊರಗಿಡಿ’ ಎಂದು ಸರಿಯಾಗಿಯೇ ಕೇಳಿಸಿತು; ಚೀಟಿಯನ್ನು ಮೆಷೀನಿನ ಜೊತೆ ಆಟೋದಲ್ಲಿ ಕಳಿಸಿದೆ.

ನನ್ನ ಬರಹ ಗೊತ್ತಿದ್ದ ಟೈಲರ್ ಮಾವ, ಪಾಪ ಹುಡುಗಿ ಒಂದು ‘ಸಿ’ ಬಿಟ್ಟಿದ್ದಾಳೆ ಎಂದುಕೊಂಡು, ತಾವೇ ಸೇರಿಸಿ ‘ಒರಗಿಸಿಡಿ’ ಎಂದು ಓದಿಕೊಂಡರು. ಕೊರಳಲ್ಲಿದ್ದ ಟೇಪನ್ನು ತೆಗೆದು ಬಾಗಿಲಿಂದ ಇಪ್ಪತ್ತಡಿ ಅಳೆದರು. ಒಳಕ್ಕೆ.

ಒಂದು ಗಂಟೆ ಕಳೆದಿತ್ತೇನೋ, ಅವರ ಫೋನ್ ಬಂತು.

“ದೊಡ್ಡಮ್ಮ, ನಿಮ್ಮ ಗುಡುಗಪ್ಪ ಪದೇ ಪದೇ ನಿಲ್ತಾನಲ್ಲ. ಇನ್ನೂ ಎಷ್ಟು ಒರಗಿಸೋದು?”

“ಒರಗ್ಸಿದ್ರಾ? ಯಾಕೆ?”

“ನೀವೇ ಬರೆಸಿದ್ರಲ್ಲ. ಟೇಪ್ ಹಿಡಿದು ಅಳೆದು ಒಳಗಿನ ಗೋಡೆಗೆ ಒರಗಿಸಿದೀನಿ. ಒಂದಿಂಚು ಹೆಚ್ಚಿಲ್ಲ, ಕಮ್ಮಿ ಇಲ್ಲ.”

ದೊಡ್ಡಮ್ಮ ಕಾಲನ್ನು ದಿಂಬಿನಿಂದ ಕೆಳಗಿಳಿಸಿದಳು. ಆದರೆ ದನಿ ಏರಲಿಲ್ಲ.

“ಮತ್ತೆ ಅಗ್ಗ ಎಳೀಬೇಡಿ. ಎಲ್ರೂ ಈಗ್ಲೇ ಬೀದಿಗೆ ಬನ್ನಿ. ಎಣಿಸಿ ಏಳಿ, ಎಷ್ಟ್ ಜನ ಬಂದ್ರು.”

ನಾಲ್ಕು ಎಂದರು ಮಾವ. ಗುಂಡಿ ಹೊಲಿಯುವ ಅಕ್ಕ ತಲೆನೋವೆಂದು ಬಟ್ಟೆಗಂಟಿನ ಮೇಲೆ ಮಲಗಿದ್ದಾರೆ, ನಿದ್ದೆ ಹತ್ತಿರಬೇಕು.

“ಅದು ನಿದ್ದೆ ಅಲ್ಲ. ಬಾಗಿಲೆಲ್ಲ ತೆಗೆದಿಟ್ಟು ಇಬ್ಬರು ಓಗಿ ಎತ್ಕೊಂಡು ಬನ್ನಿ.”

ನಾವು ಆಟೋದಲ್ಲಿ ಹೋದೆವು. ದೊಡ್ಡಮ್ಮನ ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಬ್ಯಾಂಡೇಜು. ನಾನು ದಾರಿಯುದ್ದಕ್ಕೂ ಬೆರಳು ಮಡಚಿ ಐದು, ಐದು ಎಂದು ಎಣಿಸುತ್ತಿದ್ದೆ. ನಮಗಿಂತ ಮುಂಚೆ ಗುಂಡಿ ಅಕ್ಕನನ್ನು ಎದುರಿನ ಕ್ಲಿನಿಕ್ಕಿಗೆ ಸೇರಿಸಿ, ಮೂಗಿಗೆ ಆಮ್ಲಜನಕ ಹಾಕಿದ್ದರು. ಆ ಹೊಗೆಯಲ್ಲಿ ಬಣ್ಣ, ವಾಸನೆ ಎರಡೂ ಇಲ್ಲದ ವಿಷಗಾಳಿ ಇರುತ್ತದೆ, ಇನ್ನರ್ಧ ಗಂಟೆ ಓಡಿದ್ದರೆ ಕಷ್ಟವಿತ್ತು ಎಂದರು ಡಾಕ್ಟರಮ್ಮ. ಮಧ್ಯಾಹ್ನ ಮೂರಕ್ಕೆ ಅಕ್ಕ ಕಣ್ಣುಬಿಟ್ಟು ಕೇಳಿದ ಮೊದಲ ಮಾತು, ನನ್ನ ಎಂಟು ಅಂಗಿಗೆ ಗುಂಡಿ ಯಾರು ಹಾಕಿದ್ರು, ಎಂದು. ಆಗ ಟೈಲರ್ ಮಾವ ನಕ್ಕರು, ಹಾಗೇ ಅತ್ತೂಬಿಟ್ಟರು.

ನಾನು ಮಾವನಿಂದ ವಾಪಸ್ ತೆಗೆದುಕೊಂಡ ಚೀಟಿಯನ್ನು ಹಿಡಿದು ಮೂಲೆಯಲ್ಲಿ ನಿಂತಿದ್ದೆ. ತಪ್ಪು ನನ್ನದೆಂದು ಹೇಳುವ ಬದಲು ಅದನ್ನೇ ದೊಡ್ಡಮ್ಮನ ಕೈಗಿಟ್ಟೆ. ದೊಡ್ಡಮ್ಮ ಚೀಟಿ ಓದಿ ನನ್ನನ್ನು ಪಕ್ಕಕ್ಕೆ ಎಳೆದುಕೊಂಡಳು.

“ನೀನು ಬರ್ದಿದ್ದು ನಾನು ಅಂದಿದ್ದನ್ನೇ. ಮೆಷೀನ್ ಜೊತೆ ಮನುಷ್ಯರು ಓಗ್ಬೇಕು, ಕಾಗದ ಅಲ್ಲ. ಅದು ನನ್ನ ತಪ್ಪು.”

ಆಮೇಲೆ ಅವಳೇ ವಿವರಿಸಿದಳು. ಗುಡುಗಪ್ಪ ಓರೆಯಾದರೆ ಎಣ್ಣೆ ಒಂದು ಕಡೆ ಸರಿದು, ಎಂಜಿನ್ ತಾನಾಗಿಯೇ ನಿಲ್ಲುತ್ತದಂತೆ. ಒರಗಿಸಿದ್ದಕ್ಕೇ ಅವನು ಮತ್ತೆ ಮತ್ತೆ ನಿಂತದ್ದು, ನಿಂತದ್ದಕ್ಕೇ ಫೋನ್ ಬಂದದ್ದು. ಒಳಗೆ ನೆಟ್ಟಗೆ ಇಟ್ಟಿದ್ದರೆ ಯಾರೂ ಫೋನ್ ಮಾಡುತ್ತಿರಲಿಲ್ಲ.

ಅಂದಿನಿಂದ ದಿನಾ ಸಂಜೆ ಅವಳಿಗೆ ‘ಹ’ ಹೇಳಿಕೊಡುತ್ತಿದ್ದೇನೆ. ಈಗ ಬೇಡದ ಕಡೆಯೂ ಸೇರಿಸುತ್ತಾಳೆ. ನಿನ್ನೆ ಮೆಷೀನಿಗೆ ‘ಹೆಣ್ಣೆ’ ಹಾಕು ಎಂದಳು. ಅಳಿಯ ಪೇಪರ್ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ.

ನಾಳೆ ಬೆಳಿಗ್ಗೆ ನೀಲಿ ಮೆಷೀನ್ ಮುದ್ರಣಾಲಯಕ್ಕೆ ಹೋಗಬೇಕು. ದೊಡ್ಡಮ್ಮನ ಕಾಲು ಇನ್ನೂ ವಾಸಿಯಾಗಿಲ್ಲ. ಹೊಸಬರ ಜೊತೆ ಮಾತಾಡುವುದೆಂದರೆ ನನಗೆ ಭಯ, ಆದರೂ ಚೀಟಿ ಕಳಿಸುವುದಿಲ್ಲ. ನಾನೇ ಗಾಡಿಯಲ್ಲಿ ಹೋಗಿ, ಮೆಷೀನನ್ನು ಅವರ ಹಿತ್ತಲಲ್ಲಿ ಇಡಿಸಿ, ಅವರ ಕೆಲಸ ಮುಗಿಯುವವರೆಗೆ ಅಲ್ಲೇ ಇರುತ್ತೇನೆ.