ಓಣಿಯೆಲ್ಲ ನಾಡಿ ಹಿಡಿದ ಕಾರು

ಕಲಬುರಗಿಯ ನಮ್ಮ ಬ್ರಹ್ಮಪುರದ ಓಣಿಯಲ್ಲಿ ಮನುಷ್ಯ ಬಿದ್ದರೆ ಎತ್ತಲು ಇಬ್ಬರು ಬಂದಾರು. ಕಾರು ನಿಂತರೆ ಓಣಿಗೆ ಓಣಿಯೇ ಬರುತ್ತದೆ. ಅದರಲ್ಲೂ ಕೀಲಿ ಹೆಂಗಸಿನ ಕೈಯಲ್ಲಿದ್ದರೆ ಹಲ್ಲುಜ್ಜುತ್ತಿದ್ದವರು ಬಾಯಿ ಮುಕ್ಕಳಿಸುವುದನ್ನೂ ಮರೆತು ಓಡಿ ಬರುತ್ತಾರೆ.

ಕಾರು ನನ್ನ ಮಾವನವರದು. ನೌಕರಿಯಲ್ಲಿದ್ದಾಗ ಕೊಂಡದ್ದು. ಬಣ್ಣ ಒಂದು ಕಾಲಕ್ಕೆ ಬಿಳಿ ಇತ್ತು ಎನ್ನುತ್ತಾರೆ. ನಾನು ಸೊಸೆಯಾಗಿ ಬರುವಷ್ಟರಲ್ಲಿ ಅದು ಹಾಲು ಜಾಸ್ತಿಯಾದ ಚಹಾದ ಬಣ್ಣಕ್ಕೆ ಬಂದಿತ್ತು. ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ. ಹಿಂದೆ ಕರಿ ದಾರ. ಇದಕ್ಕೆ ಯಾರ ಕಣ್ಣು ಬಿದ್ದೀತು ಎಂದು ನಾನು ಒಮ್ಮೆ ಕೇಳಿ ಮಾವನವರಿಂದ ಬೈಸಿಕೊಂಡಿದ್ದೇನೆ.

ಆ ದಿನ ಈ ಕಾರಿನಿಂದ ನನಗೆ ಆಗಬೇಕಾಗಿದ್ದ ಕೆಲಸ ದೊಡ್ಡದು. ಕಮಲಾಪುರದಲ್ಲಿರುವ ನನ್ನ ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಸ್ ಸ್ಟ್ಯಾಂಡಿನಲ್ಲಿ ಎದುರಿಗೆ ನಿಂತರೂ ನಾನು ಮಾತಾಡುವ ತನಕ ಆಕೆಗೆ ನನ್ನ ಗುರುತು ಹತ್ತುತ್ತಿರಲಿಲ್ಲ. ಆಪರೇಷನ್ ಎಂದರೆ ಮಾತ್ರ ಒಂದೊಂದು ನೆವ. ತೊಗರಿ ರಾಶಿ ಆಗಲಿ ಅಂದಳು. ಆಮೇಲೆ ತನ್ನ ತಮ್ಮನ ಮಗಳ ಮದುವೆ ಆಗಲಿ ಅಂದಳು. ನೆವಗಳೆಲ್ಲ ತೀರಿದ ಮೇಲೆ, "ನೀನೇ ಕಾರ್ ಹೊಡ್ಕೊಂಡು ಬಂದು ಕರ್ಕೊಂಡು ಹೋದ್ರ ಬರ್ತೀನಿ" ಅಂದಳು. ಮಗಳು ಈ ಜನ್ಮದಲ್ಲಿ ಕಾರು ಹೊಡೆಯುವುದಿಲ್ಲ ಎಂಬ ಧೈರ್ಯದ ಮೇಲೆ ಆಡಿದ ಮಾತು ಅದು. ನಾನು ಹಟಕ್ಕೆ ಬಿದ್ದು ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡೆ. ಕಲಬುರಗಿಯ ಕಣ್ಣಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನವೂ ನಿಗದಿಯಾಯಿತು. ಅಂದು ನಾನು ಹೋಗದಿದ್ದರೆ ಅವ್ವ ಮತ್ತೆ ಒಪ್ಪುವ ಪೈಕಿ ಅಲ್ಲ.

ನನ್ನ ಗಂಡ ಬಹಳ ಸುಧಾರಿಸಿದವರು. ಹಾಗೆಂದು ಅವರೇ ಹೇಳುತ್ತಾರೆ. ನನ್ನ ಲೈಸೆನ್ಸಿನ ಫೋಟೋ ತೆಗೆದು ಬೀಗರ ಗ್ರೂಪಿನಲ್ಲಿ ಹಾಕಿ, ಕೆಳಗೆ ಚಪ್ಪಾಳೆಯ ಗುರುತುಗಳ ಸಾಲು ಹಚ್ಚಿದ್ದರು. ಬಂದವರ ಮುಂದೆಲ್ಲ, "ನಮ್ಮ ಮನ್ಯಾಗ ಇನ್ನ ಮ್ಯಾಲ ಇಕಿನೇ ಡ್ರೈವರ್" ಎನ್ನುತ್ತಿದ್ದರು. ಆದರೆ ಅಭ್ಯಾಸಕ್ಕೆ ಹೋಗುವಾಗ ಕಾರು ಸ್ಟಾರ್ಟ್ ಮಾಡಿ ಗೇಟಿನಿಂದ ಹೊರಗೆ ತಂದು ನಿಲ್ಲಿಸುವುದು ಯಾವಾಗಲೂ ಅವರೇ. ಆಮೇಲೆ ಪಕ್ಕದಲ್ಲಿ ಕೂತು, ಬಾಗಿಲಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದು, "ಹೆದರಬ್ಯಾಡ" ಎಂದು ನನಗೆ ಹೇಳುತ್ತಿದ್ದರು.

ಮಾವನವರು ಹಾಗಲ್ಲ. "ಹೆಣ್ಮಕ್ಕಳ ಕೈಯಾಗ ಸ್ಟೇರಿಂಗ್ ಯಾಕ ಬೇಕು?" ಎಂದು ಮುಖದ ಮೇಲೆಯೇ ಕೇಳಿದ್ದರು. ಮನೆಯಲ್ಲಿ ನನಗೆ ಅಡ್ಡಗಾಲು ಹಾಕುವವರು ಯಾರಾದರೂ ಇದ್ದರೆ ಇವರೇ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಅಂದು ಬೆಳಿಗ್ಗೆ ಗಂಡ ಕಾರಿನ ಹತ್ತಿರ ಸ್ವಲ್ಪ ಹೊತ್ತು ಏನೋ ನೋಡಿದರು. "ಆಯಿಲ್, ನೀರು ಎಲ್ಲಾ ಚೆಕ್ ಮಾಡೀನಿ. ಆರಾಮ ಹೋಗಿ ಬಾ" ಎಂದು ಹೇಳಿ ಬೈಕ್ ಹತ್ತಿ ಆಫೀಸಿಗೆ ಹೋದರು. ನಾನು ದೇವರಿಗೆ ಕೈ ಮುಗಿದು, ಹೊಸ ಚಪ್ಪಲಿ ಬಿಟ್ಟು ಹಳೆಯದನ್ನು ಮೆಟ್ಟಿ, ಕೂತು ಕೀಲಿ ತಿರುಗಿಸಿದೆ. ಗರ್ ಗರ್ ಎಂದು ತಿರುಗಿತು, ಹತ್ತಲಿಲ್ಲ. ಮತ್ತೆ ತಿರುಗಿಸಿದೆ. ಅದೇ ಹಾಡು.

ಮೊದಲು ಬಂದವರು ಎದುರುಮನೆಯ ಕಾಕಾ, ನಿವೃತ್ತ ಹೆಡ್‌ಮಾಸ್ತರರು. ಬಂದವರೇ ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂತಿದ್ದ ಮಾವನವರಿಗೆ, "ಬ್ಯಾಟರಿ ಹೋಗ್ಯಾದ್ರೀ" ಎಂದರು. ಕೀಲಿ ನನ್ನ ಕೈಯಲ್ಲಿತ್ತು, ಕಾರಿನೊಳಗೆ ಕೂತವಳು ನಾನು. ರೋಗದ ವಿವರ ಮಾತ್ರ ಕಟ್ಟೆಗೆ ಹೋಯಿತು. "ಬ್ಯಾಟರಿ ಹೋಗಿದ್ರ ಇಷ್ಟು ಜೋರ್ ತಿರಗತಿತ್ತೇನ್ರಿ ಕಾಕಾ?" ಎಂದು ನಾನು ಕೇಳಿದೆ. ಅವರು ನನ್ನ ಕಡೆ ನೋಡದೆ, "ಒಳಗಿಂದ ಒಳಗ ಹೋಗಿರತದ" ಎಂದರು. ವಿಜ್ಞಾನ ಕಲಿಸಿದವರು, ಎದುರು ಮಾತಾಡುವಂತಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಚಾಚಾ ಬಂದರು. ಬಟ್ಟೆ ಅಂಗಡಿ ಇಟ್ಟವರು, ಕಾರಿನ ಬಗ್ಗೆಯೂ ಬಟ್ಟೆಯ ಬಗ್ಗೆ ಮಾತಾಡಿದಷ್ಟೇ ಖಚಿತವಾಗಿ ಮಾತಾಡುವವರು. ಬಾನೆಟ್ ಎತ್ತಿಸಿ, ಮೂಗು ಒಳಗೆ ಹಾಕಿ, "ಅರೇ ಬೇಟಿ, ಪೆಟ್ರೋಲಿನ್ಯಾಗ ಪಾನಿ ಕೂಡ್ಯಾದ. ಮೈ ಬೋಲ್ತೂಂ ನಾ!" ಎಂದರು. ಕಾಕಾ ಒಪ್ಪಲಿಲ್ಲ. ಇಬ್ಬರ ನಡುವೆ ನನ್ನ ಕಾರು ಮೂಲೆಗೆ ಸರಿದು, ಚಾಚಾನ ಹಳೆಯ ಸ್ಕೂಟರು, ಕಾಕಾನ ಅಳಿಯನ ಜೀಪು ಚರ್ಚೆಗೆ ಬಂದವು. ಹಾದು ಹೋಗುತ್ತಿದ್ದವರು ನಿಂತು, "ಯಾರು ಹೊಡ್ಯಾಕತ್ತಿದ್ರು?" ಎಂದು ಕೇಳುತ್ತಿದ್ದರು. ನನ್ನನ್ನು ಕಂಡ ಕೂಡಲೇ "ಓ" ಎನ್ನುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಅಷ್ಟು ಚಿಕ್ಕದಾಗಿ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ.

ಗಂಡನಿಗೆ ಫೋನ್ ಹಚ್ಚಿದೆ. ಎಷ್ಟು ತಾಳ್ಮೆ, ಎಷ್ಟು ಅಕ್ಕರೆ! "ಚೋಕ್ ಎಳೆದು ನೋಡು... ಆತೇನು? ಇಲ್ಲಾ? ಎಕ್ಸಲೇಟರ್ ಒತ್ತಿ ಹಿಡಿ... ಛೇ, ಇವತ್ತೇ ಹಿಂಗಾಗಬೇಕಾ? ಹಳೇ ಗಾಡಿ ನೋಡು. ಇರಲಿ, ಐತವಾರ ನಾನೇ ಕರ್ಕೊಂಡು ಬರ್ತೀನಿ ಅತ್ತಿನ್ನ." ಚೋಕ್ ಎಳೆದೆ, ಒತ್ತಿ ಹಿಡಿದೆ. ಪೆಟ್ರೋಲಿನ ವಾಸನೆ ಓಣಿಯ ತುಂಬ ಹರಡಿತು. ತಿರುಗಿಸಿ ತಿರುಗಿಸಿ ಕೊನೆಗೆ ಬ್ಯಾಟರಿಯೂ ನಿಜವಾಗಿ ಸೋತಿತು. "ನಾ ಏನ್ ಹೇಳಿದ್ದೆ?" ಎಂದು ಕಾಕಾ ಗೆದ್ದವರಂತೆ ಮಾವನವರ ಕಡೆ ನೋಡಿದರು.

ಆಮೇಲೆ ದಬ್ಬುವ ಕಾರ್ಯಕ್ರಮ. ಓಣಿಯ ಗಂಡಸರೆಲ್ಲ ಲುಂಗಿ ಎತ್ತಿ ಕಟ್ಟಿ ಕಾರನ್ನು ಗುಡಿಯ ತನಕ ದಬ್ಬಿದರು, ಅಲ್ಲಿಂದ ತಿರುಗಿಸಿ ಮನೆಯ ತನಕ ದಬ್ಬಿದರು. ಕಾರು ಹತ್ತಲಿಲ್ಲ. ದಬ್ಬಿದವರಿಗೆ ಚಹಾ ಮಾಡಬೇಕಾದದ್ದು ಯಾರು ಎಂಬುದರಲ್ಲಿ ಮಾತ್ರ ಅಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು.

ನಾನು ಚಹಾ ಮಾಡಲಿಲ್ಲ. ಕಟ್ಟೆಯ ತುದಿಗೆ ಕೂತು ಅವ್ವನಿಗೆ ಫೋನ್ ಮಾಡಿದೆ. ಅವಸರದಲ್ಲಿ ಬೆರಳು ತಾಗಿ ಸ್ಪೀಕರ್ ಹತ್ತಿದ್ದು ಗಮನಕ್ಕೆ ಬರಲಿಲ್ಲ. "ಅವ್ವಾ, ಕಾರ್ ಶುರು ಆಗವಲ್ದು" ಎಂದೆ. ಆ ಕಡೆಯಿಂದ ಅವ್ವ ನಕ್ಕಳು. ಬಹಳ ದಿನಗಳಿಂದ ನಾನು ಕೇಳಿರದಂಥ ಹಗುರಾದ ನಗು. "ಛಲೋ ಆತು ಬಿಡು. ದೇವ್ರಿಗೇ ಬ್ಯಾಡಾಗ್ಯಾದ. ನನಗೇನು, ಕೈ ಆಡಿಸಿಕೋತ ಅಡಗಿ ಮಾಡ್ಕೋತೀನಿ, ಸಾಕು. ಇನ್ನ ಈ ಮಾತು ತೆಗೀಬ್ಯಾಡ." ನನಗೆ ಅಳು ಬಂತು. ಅಷ್ಟು ಜನರ ಮುಂದೆ ಅಳುವುದು ಬೇಡವೆಂದು ಮುಖ ಗೋಡೆಯ ಕಡೆ ತಿರುಗಿಸಿದೆ.

ಮಾವನವರು ಪೇಪರ್ ಮಡಚಿದರು. ಎದ್ದು ಬಂದು, "ಸರೀರಿ" ಎಂದು ಜನರನ್ನು ಆಚೆ ದೂಡಿ, ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿದರು. ಟಕ್ ಎಂದು ಸಣ್ಣ ಸದ್ದಾಯಿತು. "ಈಗ ಕೂಡು. ಇನ್ನೊಮ್ಮೆ ದಬ್ಬತಾರ."

ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟ ಕೂಡಲೇ ಕಾರು ಹತ್ತಿತು.

ಅದಕ್ಕೆ ಚೋರ್ ಸ್ವಿಚ್ ಎನ್ನುತ್ತಾರೆ. ಕಳ್ಳರು ಒಯ್ಯಬಾರದೆಂದು ಹಳೆಯ ಕಾರುಗಳಿಗೆ ಗುಟ್ಟಾಗಿ ಕೂಡಿಸುವ ಸ್ವಿಚ್ಚು. ಬಂದ್ ಇದ್ದರೆ ಪ್ಲಗ್ಗಿಗೆ ಕರೆಂಟ್ ಹೋಗುವುದಿಲ್ಲ, ಕಾರು ಬರೀ ಗರ್ ಗರ್ ಎನ್ನುತ್ತದೆ. ಮಾವನವರು ಕಿಟಕಿಗೆ ಬಗ್ಗಿ ಹೇಳಿದರು: "ಇದನ್ನ ನಿನ್ನ ಗಂಡನ ಸಲುವಾಗೇ ಹಾಕ್ಸಿದ್ದೆ. ಕಾಲೇಜಿನ್ಯಾಗ ಇದ್ದಾಗ ಕದ್ದು ಗಾಡಿ ಒಯ್ತಿದ್ದ. ಇವತ್ತು ಮುಂಜಾನಿ ಅವನೇ ಬಂದ್ ಮಾಡಿ ಹೋದ."

"ನೀವು ನೋಡಿದ್ರಾ?"

"ನೋಡ್ದೆ."

"ನೋಡಿ ಇಷ್ಟೊತ್ತು ಸುಮ್ಮನ ಕೂತಿದ್ರಾ ಮಾವಾರೀ?"

"ನನಗೂ ನೀ ಹೋಗೂದು ಬ್ಯಾಡೇ ಇತ್ತು" ಎಂದರು, ಒಂದಿಷ್ಟೂ ಮುಜುಗರವಿಲ್ಲದೆ. "ಬೀಗತಿ ನಕ್ಕಿದ್ದು ಕೇಳಿ ಮನಸ್ಸು ತಡೀಲಿಲ್ಲ. ಕುರುಡಿ ಆಗತಾಳ ಆಕಿ. ಹೋಗು, ದಾರ್ಯಾಗ ಗಾಡಿ ಬಂದ್ ಬೀಳಿಸಬ್ಯಾಡ."

ದಾರಿಯಲ್ಲಿ ಮಹಾಗಾಂವ ದಾಟುವ ತನಕ ನಾನು ಸಿಟ್ಟಿನಲ್ಲೇ ಕಾರು ಹೊಡೆದೆ. ಕಟ್ಟೆಯ ಮೇಲೆ ಕೂತ ಮಾವನವರ ದೊಣ್ಣೆ ಎಲ್ಲರಿಗೂ ಕಾಣುತ್ತಿತ್ತು. ಕೈಯಲ್ಲಿ ಶರಣಾರ್ಥಿ, ಕಂಕುಳಲ್ಲಿ ದೊಣ್ಣೆ ಇಟ್ಟುಕೊಂಡವನ ಜೊತೆಗೆ ನಾನು ಸಂಸಾರ ಮಾಡಿದ್ದೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವವರ ಬಗ್ಗೆ ಕೇಳಿದ್ದೆ. ಫೋನಿನಲ್ಲಿ ತೂಗುವುದನ್ನು ಅಂದೇ ಕೇಳಿದ್ದು. ಕಮಲಾಪುರದಲ್ಲಿ ಹಾರ್ನ್ ಹೊಡೆದಾಗ ಅವ್ವ ಬಾಗಿಲಿಗೆ ಬಂದು, ಯಾವ ದಿಕ್ಕಿಗೆ ಎಂದು ತಿಳಿಯದೆ, ಗಾಳಿಯ ಕಡೆ ಮುಖ ಮಾಡಿ ಬೈದಳು. ಆಡಿದ ಮಾತಿಗೆ ಸಿಕ್ಕಿಬಿದ್ದಿದ್ದಳು. ಬಂದು ಕೂತಳು.

ಆಪರೇಷನ್ ಆದ ಸಂಜೆ ಗಂಡ ಎಳನೀರು ಹಿಡಿದುಕೊಂಡು ಆಸ್ಪತ್ರೆಗೆ ಬಂದರು. ಅವ್ವನ ಮಂಚದ ಪಕ್ಕ ನಿಂತು, "ಕಡೀಕ ಶುರು ಆತಲ್ಲ? ಬ್ಯಾಟರಿದೇ ತಕರಾರು ಇರಬೇಕು" ಎಂದರು.

"ಬ್ಯಾಟರಿ ಅಲ್ಲರೀ, ಸೀಟಿನ ಬುಡಕ್ಕಿನ ಸ್ವಿಚ್" ಎಂದೆ.

ಅವರ ಮುಖ ಸಣ್ಣದಾಯಿತು. ತಪ್ಪಾಯಿತು ಎನ್ನುತ್ತಾರೆ ಎಂದುಕೊಂಡೆ. "ಯಾರ್ ಹೇಳಿದ್ರು ನಿನಗ?" ಎಂದು ಕೇಳಿದರು. ಅವರ ಪಶ್ಚಾತ್ತಾಪವೆಲ್ಲ ಅಷ್ಟೇ. ಆಮೇಲೆ ನೆನಪಾಗಿ, "ಒಬ್ಬಾಕಿನೇ ಹೋಗತಿ, ಲಾರಿ ರೋಡು, ಕಾಳಜಿ ಇರತದಲ್ಲ" ಎಂದು ಸೇರಿಸಿದರು.

"ಕಾಳಜಿ ಇದ್ದವ್ರು ರಜಾ ಹಾಕಿ ಬಾಜೂಕ ಕೂತು ಬರ್ತಾರ. ಸ್ವಿಚ್ ಬಂದ್ ಮಾಡಿ ಫೋನಿನ್ಯಾಗ ಚೋಕ್ ಎಳಿ ಅನ್ನಂಗಿಲ್ಲ."

ಅವರು ಎಳನೀರಿಗೆ ಸ್ಟ್ರಾ ಹುಡುಕುವ ನೆವದಲ್ಲಿ ಹೊರಗೆ ಹೋದರು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಅವ್ವ ಎಲ್ಲ ಕೇಳಿಸಿಕೊಂಡಿದ್ದಳು. ಈಗ ನನ್ನ ಕೈ ಹುಡುಕಿ ಹಿಡಿದುಕೊಂಡಳು.

"ಇನ್ನೊಂದು ಕಣ್ಣಿಗೂ ನೀನೇ ಬರಬೇಕು ನೋಡು. ಕಾರ್ ಶುರು ಆಗತದಿಲ್ಲ?"

"ಆಗತದವ್ವಾ. ಅದಕ್ಕೇನೂ ಆಗಿದ್ದಿಲ್ಲ."