ನೇರಳೆ ಮೀಸೆ

ಜಕ್ಕೂರಿನ ಬಾಲರಾಜ್ ಗೃಹಪ್ರವೇಶದ ದಿನ ತನ್ನ ಹೊಸ ಮನೆಯ ಸ್ಟೀಲ್ ನಾಮಫಲಕದ ಮೇಲಿದ್ದ ರೇಷ್ಮೆ ಬಟ್ಟೆ ಎಳೆದಾಗ, ಅದನ್ನು ಮಾಡಿಕೊಟ್ಟ ಮಂಜುಶ್ರೀಯ ಬಾಯಲ್ಲಿ ಇಡೀ ಬೋಂಡಾ ಇತ್ತು. ಫಲಕದ ಚಿತ್ರದಲ್ಲಿ ಬಂಗಾರದ ಬಣ್ಣಕ್ಕೆ ಹೊಳೆಯಬೇಕಿದ್ದ ಅವನ ದಿವಂಗತ ತಂದೆ ಚಿಕ್ಕಮುನಿಯಪ್ಪನವರ ಮೀಸೆ ಅರ್ಧ ನೇರಳೆಯಾಗಿತ್ತು. ಒಂದು ಕೆನ್ನೆ ಏಟು ತಿಂದಂತೆ ನೀಲಿ. ಮೂಲೆಯಲ್ಲಿದ್ದ ‘ಮಂಜುಶ್ರೀ, ಅಟ್ಟೂರು’ ಮಾತ್ರ ಅಪ್ಪಟ ಬಂಗಾರ. ಯಾರೋ ಕಿಸಕ್ಕೆಂದರು. ನೆಂಟರೆಲ್ಲ ಅವಳತ್ತ ತಿರುಗಿದರು. ಬೋಂಡಾ ನುಂಗಲೂ ಆಗದು, ಉಗುಳಲೂ ಆಗದು.

ಅಟ್ಟೂರಿನಲ್ಲಿ ಮನೆಯ ಕಾರ್ ಶೆಡ್ಡಿನಲ್ಲೇ ಲೇಸರ್ ಯಂತ್ರ ಇಟ್ಟುಕೊಂಡಿರುವ ಈ ಹೆಂಗಸಿಗೆ ಮಂಜು ಎಂದು ಹೆಸರಿಟ್ಟವರು ಯಾರೋ, ಒಳಗಿರುವುದೆಲ್ಲ ಕೆಂಡ. ಉಕ್ಕಿನ ಕೆಲಸದವಳು, ಉಕ್ಕುವುದೂ ಬೇಗ. ಅವಳು ಬಣ್ಣ ಬಳಿಯುವುದಿಲ್ಲ. ಲೇಸರಿನ ಶಾಖಕ್ಕೆ ಲೋಹದ ಮೈಯೇ ತೆಳ್ಳನೆ ಪೊರೆ ಕಟ್ಟಿ ಬಣ್ಣ ತೋರಿಸುತ್ತದೆ. “ಪೇಂಟ್ ಅಲ್ಲ ಕಣ್ರೀ” ಎಂದರೆ ಗಿರಾಕಿಗಳು “ಹಂಗಾದ್ರೆ ಸ್ಟಿಕ್ಕರ್ರಾ?” ಎನ್ನುತ್ತಾರೆ. ಸಿಟ್ಟು ಬಾರದೆ ಇನ್ನೇನು ಬಂದೀತು?

“ಡೂಪ್ಲಿಕೇಟ್ ಬಣ್ಣ ಹಾಕಿ ನಮ್ಮಪ್ಪನ ಮರ್ಯಾದೆ ತೆಗೆದ್ರಲ್ರೀ!” ಬಾಲರಾಜ್ ಗುಡುಗಿದ. “ಜಕ್ಕೂರಲ್ಲಿ ಇನ್ನೊಂದು ಬಾಗಿಲಿಗೆ ನಿಮ್ ಬೋರ್ಡ್ ಹತ್ತದಂಗೆ ನೋಡ್ಕೋತೀನಿ.”

ಮಂಜುಶ್ರೀ ಬೋಂಡಾ ನುಂಗಿದಳು. “ಎಲ್ಲಿಟ್ಟಿದ್ರಿ ಇದನ್ನ?”

“ಇನ್ನೆಲ್ಲಿ? ಹೋಮದ ಹತ್ರ. ಅಪ್ಪನಿಗೂ ಪುಣ್ಯ ತಲುಪ್ಲಿ ಅಂತ ಕುಂಡದ ಇಟ್ಟಿಗೆಗೇ ಒರಗಿಸಿದ್ವಿ. ಮಸಿ ಹಿಡಿದಿರ್ಬೇಕು ಅಂತ ಒರೆಸಿ ಬಟ್ಟೆ ಮುಚ್ಚಿದ್ವಿ.”

“ಬೆಂಕಿ ತೋರಿಸ್ಬೇಡಿ ಅಂತ ಬಡ್ಕೊಂಡಿದ್ನಲ್ಲಾ! ಶಾಖ ಹತ್ತಿದ್ರೆ ಪೊರೆ ದಪ್ಪ ಆಗತ್ತೆ, ಬಂಗಾರ ನೇರಳೆ ಆಗತ್ತೆ, ಆಮೇಲೆ ನೀಲಿ. ಅಪ್ಪನ್ನ ಅರ್ಧ ಬೇಯಿಸಿ ನನ್ ಮೇಲೆ ಕೂಗ್ತೀರಾ?”

“ಹೋಮದ ಬೆಂಕಿ ಬೆಂಕೀನಾ? ಅದು ದೇವ್ರದ್ದು!”

ಈಗ ಅವಳ ಮುಖವೂ ನೇರಳೆಗೆ ತಿರುಗಿತು. ನೀಲಿಯಾದದ್ದು ಮತ್ತೆ ಬಂಗಾರವಾಗದು. ಉಳಿದದ್ದನ್ನೂ ನೀಲಿಗೆ ತರಬಹುದು, ಅಷ್ಟೇ. ಫಲಕ ಕಸಿದುಕೊಂಡು ಹಿತ್ತಲಿಗೆ ನುಗ್ಗಿದವಳೇ ಅಡುಗೆ ಭಟ್ಟರ ಹಂಡೆಯನ್ನು ಗ್ಯಾಸ್ ಒಲೆಯಿಂದ ಇಳಿಸಿದಳು.

“ಅಮ್ಮಾ, ಸಾರು!”

“ಸಾರು ಆಮೇಲೆ ಸ್ವಾಮಿ, ಮೊದ್ಲು ಮಾನ. ಯಾರೂ ಮಾತಾಡಿಸ್ಬೇಡಿ. ಒಂಚೂರು ಹೆಚ್ಚಾದ್ರೆ ಎಲ್ಲಾ ಬೂದು ಬಣ್ಣ, ಇದ್ದದ್ದೂ ಹೋಗತ್ತೆ.”

ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ಆಡಿಸುತ್ತ ಹೋಮವನ್ನು ಬೈದಳು, ಬಾಲರಾಜನನ್ನು ಬೈದಳು, ಬೋಂಡಾವನ್ನೂ ಬಿಡಲಿಲ್ಲ. ಮೀಸೆ ಪೂರ್ತಿ ನೇರಳೆಯಾಯಿತು. ಇನ್ನೊಂದು ಕೆನ್ನೆ ನೀಲಿಗೆ ಹೊರಳಿತು. ಕಡೆಗೆ ಮುಖವೂ ಹೆಸರೂ ಒಂದೇ ಸಮನಾಗಿ ನವಿಲುಗತ್ತಿನ ಬಣ್ಣಕ್ಕೆ ಬಂದು ನಿಂತವು.

ಬಾಲರಾಜನ ತಾಯಿ ಗೋಪಾಲಮ್ಮ ಬಗ್ಗಿ ದಿಟ್ಟಿಸಿದರು. “ಬದುಕಿದ್ದಾಗ್ಲೂ ಇಷ್ಟು ಲಕ್ಷಣವಾಗಿರ್ಲಿಲ್ಲ. ಕೃಷ್ಣಪರಮಾತ್ಮನಂಗವ್ರೆ, ಇಂಗೇ ಇರ್ಲಿ. ಬಾಗ್ಲಿಗೆ ಹಾಕ್ಲಾ ಮಗಾ.” ಬಾಲರಾಜ್ ತೆಪ್ಪಗೆ ಸ್ಕ್ರೂಡ್ರೈವರ್ ಹುಡುಕಲು ಹೋದ.

ಇಂಜಿನಿಯರಿಂಗ್ ಓದುತ್ತಿದ್ದ ಅವನ ಮಗಳು ಹರ್ಷಿತಾ ಬಿಟ್ಟ ಕಣ್ಣು ಬಿಟ್ಟಂತೆ ನಿಂತಿದ್ದಳು. “ಆಂಟಿ, ಕರೆಕ್ಟಾಗಿ ಇಲ್ಲೇ ನಿಲ್ಲಿಸ್ಬೇಕು ಅಂತ ಹೆಂಗೆ ಗೊತ್ತಾಯ್ತು?”

“ನಾನೆಲ್ಲಮ್ಮಾ ನಿಲ್ಲಿಸ್ದೆ?” ಮಂಜುಶ್ರೀ ಇಕ್ಕಳವನ್ನು ನೆಲಕ್ಕೆ ಕುಕ್ಕಿದಳು. “ಸಿಲಿಂಡರ್ ಖಾಲಿ ಆಯ್ತು.”