ಎದೆಯ ಇಂಜೆಕ್ಷನ್ನೂ ಹನಕೆರೆ ಬೀಗರೂ

ಆಗ ನನಗೆ ಐವತ್ತಾರು. ಹತ್ತು ವರ್ಷದ ಹಿಂದಿನ ಮಾತು. ಕಿರಿಮಗಳ ಮದುವೆಗೆ ದಿನ ಗೊತ್ತು ಮಾಡಲು ಹನಕೆರೆಯ ಬೀಗರು ಕೊಕ್ಕರೆ ಬೆಳ್ಳೂರಿನ ಪಕ್ಕದ ನಮ್ಮೂರಿಗೆ ಬಂದಿದ್ದರು. ಮುದ್ದೆ ಮುರಿಯುತ್ತಿದ್ದ ನಮ್ಮ ಯಜಮಾನರು ಎದೆ ಹಿಡಿದುಕೊಂಡು ಎಲೆಯ ಮೇಲೇ ಬಿದ್ದರು. ಬೀಗರ ಕಾರಿನಲ್ಲೇ ಮದ್ದೂರು ದಾಟಿ ಮಂಡ್ಯದ ಆಸ್ಪತ್ರೆಗೆ ಹಾಕಿಕೊಂಡು ಹೋದೆವು.

ಡಾಕ್ಟರಮ್ಮ ಇಸಿಜಿ ನೋಡಿದರು. "ಹಾರ್ಟ್ ಅಟ್ಯಾಕ್. ಹೆಪ್ಪುಗಟ್ಟಿರೋ ರಕ್ತ ಕರಗಿಸೋಕೆ ಇಂಜೆಕ್ಷನ್ ಕೊಡ್ತೀವಿ. ಮೊದಲು ಯಾವತ್ತಾದ್ರೂ ಹೀಗಾಗಿತ್ತಾ?"

"ಇಲ್ಲ ಮೇಡಂ, ಇದೇ ಮೊದ್ಲು. ನಮ್ಮಣ್ಣ ಗುಂಡುಕಲ್ಲಂಗವ್ನೆ" ಎಂದ ಮೈದುನ.

ಸುಳ್ಳು. ಹಿಂದಿನ ವರ್ಷ ಮಳವಳ್ಳಿಯಲ್ಲಿ ಇದೇ ಆಗಿತ್ತು. ಎದೆ ಕಾಯಿಲೆಯ ಮನೆಯಿಂದ ಯಾರೂ ಹೆಣ್ಣು ತರುವುದಿಲ್ಲ. ಅದಕ್ಕೆ ಗ್ಯಾಸು ಎಂದು ಊರಿಗೆಲ್ಲ ಹೇಳಿಸಿದ್ದ ಇವನು. ಈಗ ಬೀಗರು ಬಾಗಿಲಲ್ಲೇ ನಿಂತಿದ್ದರು. ನರ್ಸು ಆಗಲೇ ಸೀಸೆಯ ಪುಡಿಗೆ ನೀರು ಬೆರೆಸುತ್ತಿದ್ದಳು.

"ಸುಳ್ಳು ಬೊಗಳ್ಬ್ಯಾಡ ಕಣ್ಲಾ" ಅಂದೆ. "ಓದೊರ್ಸ ಮಳವಳ್ಳೀಲಿ ಆಗಿತ್ತು ಕಣವ್ವ. ಇಂಗೇ ಪುಡಿ ಕರಗ್ಸಿ ಡ್ರಿಪ್ಪಲ್ಲಿ ಬುಟ್ಟಿದ್ರು."

"ಅತ್ಗೆ, ಬೀಗ್ರವ್ರೆ!"

"ಇದ್ರೆ ಇರ್ಲಿ. ಸಾಯ್ತಿರೋನು ನನ್ ಗಂಡ."

ಡಾಕ್ಟರಮ್ಮ ನರ್ಸನ್ನು ತಡೆದರು. "ಗಂಟಲು ನೋವು ತರೋ ಒಂದು ಬ್ಯಾಕ್ಟೀರಿಯಾ ಇದೆಯಮ್ಮ. ರಕ್ತದ ಗಡ್ಡೆ ಕರಗಿಸೋ ಗುಣ ಅದಕ್ಕಿದೆ. ಆ ಗುಣದ ಜೀನ್ ತೆಗೆದು ಇನ್ನೊಂದು ಬ್ಯಾಕ್ಟೀರಿಯಾಗೆ ಸೇರಿಸಿ, ಅದರ ಕೈಲಿ ಈ ಔಷಧ ಮಾಡಿಸ್ತಾರೆ. ಒಂದು ಸಲ ಕೊಟ್ರೆ ಮೈ ಅದರ ಗುರುತು ಇಟ್ಕೊಳ್ಳುತ್ತೆ. ಎರಡನೇ ಸಲ ಕೊಟ್ರೆ ಔಷಧ ಹಿಡಿಯೋದಿಲ್ಲ, ಮೈಗೆ ಒಗ್ಗದೆ ಜೀವಕ್ಕೇ ಕುತ್ತು ಬರಬಹುದು."

"ಮೈಗೆ ಗ್ಯಾನ ಅದೆ. ಇವನಿಗೇ ಇಲ್ಲ" ಎಂದು ಮೈದುನನ ಕಡೆ ನೋಡಿದೆ.

ಮನುಷ್ಯರದೇ ಜೀನ್ ಹಿಡಿದು ಮಾಡಿದ ಬೇರೆ ಇಂಜೆಕ್ಷನ್ ಇತ್ತಂತೆ. ಆದರೆ ಹೊರಗಿನಿಂದ ತರಬೇಕು, ಬೇಗ ತರಬೇಕು. ಡಾಕ್ಟರಮ್ಮ ಬರೆದುಕೊಟ್ಟ ಚೀಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡವರು ಬೀಗರು. ಕಾರು ಹೋದ ಸದ್ದು ಕೇಳಿತು. ಯಜಮಾನರ ತುಟಿ ನೀಲಿಗಟ್ಟುತ್ತಿತ್ತು. ಅಂಗಾಲು ತಿಕ್ಕುತ್ತಾ ಕೂತೆ, ತಣ್ಣಗೇ ಇತ್ತು. ಬೀಗರು ಹಾಗೇ ಊರಿಗೆ ಹೊರಟು ಹೋಗಿದ್ದರೆ? ಅದೊಂದೇ ಯೋಚನೆ.

ಬಂದರು. ಮದ್ದನ್ನು ನರ್ಸಿನ ಕೈಗೆ ಕೊಟ್ಟು, ನನ್ನ ಕಡೆ ತಿರುಗಿಯೂ ನೋಡದೆ ಹೋದರು.

ಸಂಜೆಗೆ ಯಜಮಾನರು ಕಣ್ಣು ಬಿಟ್ಟು ನೀರು ಕೇಳಿದರು. ಮದುವೆಯ ಸುದ್ದಿ ಯಾರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಮೈದುನನನ್ನು ಮಂಚದ ಪಕ್ಕ ಕೂರಿಸಿ, ನಮ್ಮ ಹುಡುಗಿಯನ್ನು ಮಾಡಿಕೊಳ್ಳುತ್ತೀರೋ ಇಲ್ಲವೋ ಎಂದು ಕೇಳಲು ಹನಕೆರೆಗೆ ಬಸ್ಸು ಹತ್ತಿದೆ.